ರೈಟ್ ಎಂಬ ಹೆಸರಿನ ಕೂಸು

ಒಂದೂರು. ಊರಿಗೆ ಹೆಸರಿಲ್ಲ. ಹೆಸರು ಇಟ್ಟುಕೊಂಡರೆ ಆಗುವ ಫಜೀತಿ ಆ ಊರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಇಟ್ಟುಕೊಂಡಿರಲಿಲ್ಲ. ದಾರಿ ತಪ್ಪಿ ಬಂದವರು ಯಾರಾದರೂ "ಇದು ಯಾವೂರ್ರಪ್ಪಾ?" ಎಂದು ಕೇಳಿದರೆ "ಇದೇ" ಎಂದು ಕಾಲಡಿಯ ನೆಲ ತೋರಿಸಿ ಸುಮ್ಮನಾಗುತ್ತಿದ್ದರು.

ಅಲ್ಲಿ ಒಂದು ಕಟ್ಟಳೆ. ಹುಟ್ಟಿದ ಕೂಸಿಗೆ ಹೊಸ ಹೆಸರು ಇಡುವಂತಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ಇದೇನು ಮಹಾ, ಎಲ್ಲಾ ಕಡೆ ಇರೋದೇ ತಾನೇ ಅನ್ನಬೇಡಿ, ಸ್ವಲ್ಪ ತಾಳಿ. ಅಲ್ಲಿ ಹೆಸರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಆ ಹೆಸರನ್ನು ಮೊಟ್ಟಮೊದಲು ಹೊತ್ತವರು ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಸತ್ತಿದ್ದರೋ ಆ ಕೆಲಸವೂ ಹೆಸರಿನ ಬೆನ್ನಿಗೇ ಬರುತ್ತಿತ್ತು. ಊರಿನ ಹೆಸರುಗಾರ ಅಂತ ಒಬ್ಬ ಮುದುಕನಿದ್ದ. ಅವನ ಹೆಗಲ ಮೇಲೆ ಉದ್ದನೆಯ ಹಗ್ಗ, ಹಗ್ಗದ ತುಂಬ ಗಂಟು, ಒಂದು ಹೆಸರಿಗೆ ಒಂದು ಗಂಟು. ತೊಟ್ಟಿಲ ದಿನ ಕೂಸಿನ ಮುಷ್ಟಿಗೆ ಗಂಟು ಮುಟ್ಟಿಸಿ ಅವನು ಹೇಳುತ್ತಿದ್ದ: "ಹೆಸರು ತಗೋ, ಹೊರೆ ತಗೋ, ಉಳಿದದ್ದು ಮುಗಿಸು."

ಉಳಿದದ್ದು ಮುಗಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಅಂಥ ಊರಿನಲ್ಲಿ ಹೊಸ್ತಿಲಜ್ಜಿ ಎಂಬ ಮುದುಕಿ. ಅವಳ ನಿಜವಾದ ಹೆಸರು ಹೊಂಬಾಳಮ್ಮ. ಮೊದಲನೆಯ ಹೊಂಬಾಳಮ್ಮ ಎಂದೋ ಒಂದು ಕಾಲದಲ್ಲಿ ಒಂದು ಸಂಜೆ ಸಾರಿಗಿಟ್ಟು ನೋಡಿದರೆ ಮನೆಯಲ್ಲಿ ಉಪ್ಪಿಲ್ಲ. ಗಂಡ ಹೆಗಲಿಗೆ ಟವಲು ಹಾಕಿಕೊಂಡು "ಈಗ ಬಂದೆ" ಎಂದು ಹೋದ. ಹುಣಸೆಮರದ ಹತ್ತಿರ ದಾರಿ ತಿರುಗುತ್ತದಲ್ಲ, ಆ ತಿರುವು ದಾಟಿದ. ಬರಲಿಲ್ಲ. ಹೊಂಬಾಳಮ್ಮ ಕಾಲು ತೊಳೆಯಲು ಒಂದು ಚೆಂಬು ನೀರಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು. ಮಾರನೇ ಸಂಜೆಯೂ ಕೂತಳು. ಕೂತೂ ಕೂತೂ ಅಲ್ಲೇ ಕಣ್ಣು ಮುಚ್ಚಿದಳು. ಅವಳ ಮೊಮ್ಮಗಳು ಹೊಂಬಾಳಮ್ಮ ಕೂತಳು. ಆ ಹೊಂಬಾಳಮ್ಮನ ಮೊಮ್ಮಗಳು ಹೊಂಬಾಳಮ್ಮ ಕೂತಳು. ಇವಳು ಏಳನೆಯವಳು.

ಕಟ್ಟಳೆ ಕಟ್ಟುನಿಟ್ಟು. ದನ ಕೊಟ್ಟಿಗೆಗೆ ಬರುವ ಹೊತ್ತಿನಿಂದ ದೀಪ ಹಚ್ಚುವ ತನಕ ಕೂರಬೇಕು. ಚೆಂಬಿನಲ್ಲಿ ನೀರು ತುಂಬಿರಬೇಕು. ದಾರಿ ನೋಡುವವಳು ದಾರಿ ತುಳಿಯಬಾರದು, ಅಂದರೆ ಯಾವ ಹೊತ್ತಿನಲ್ಲೂ ಆ ತಿರುವು ದಾಟಬಾರದು. ಮತ್ತೆ ಆ ಉಪ್ಪು ಬರುವ ತನಕ ಆ ಮನೆಯ ಸಂಜೆಯ ಸಾರಿಗೆ ಉಪ್ಪು ಹಾಕುವಂತಿಲ್ಲ. ಬೆಳಗಿನ ಅಡುಗೆಗೆ ಹಾಕಿಕೊಳ್ಳಬಹುದು, ಅದಕ್ಕೇನು, ತಿಂಗಳಿಗೊಮ್ಮೆ ತಿರುವಿನಾಚೆಯಿಂದ ಉಪ್ಪಿನ ಗಾಡಿ ಬರುತ್ತಲೇ ಇತ್ತು. ಸಂಜೆಯ ಸಾರು ಮಾತ್ರ ಸಪ್ಪೆ. ಬೇರೆ ಮನೆಗಳಲ್ಲಿ ಹೊಸ್ತಿಲ ಮೇಲೆ ಕೂತರೆ ಬೈಯುತ್ತಾರೆ, ಈ ಮನೆಯಲ್ಲಿ ಎದ್ದರೆ ಬೈಯುತ್ತಿದ್ದರು. ಹೊಸ್ತಿಲಜ್ಜಿ ಐದನೇ ವಯಸ್ಸಿಗೆ ಚೆಂಬು ಹಿಡಿದು ಕೂತವಳು. ಮದುವೆಯಾಗಿ ಅದೇ ದಾರಿಯ ಮೇಲಿದ್ದ ಗಂಡನ ಮನೆಗೆ ಬರುವಾಗ ಆ ಹೊಸ್ತಿಲ ಮರವನ್ನೇ ಕಿತ್ತು ಗಾಡಿಯಲ್ಲಿ ಹೇರಿಕೊಂಡು ಬಂದು ಇಲ್ಲಿ ಕೂರಿಸಿದರು. ಮದುವೆಯ ಸಂಜೆಯೂ ಅವಳು ಬಾಸಿಂಗ ಬಿಚ್ಚದೆ ಅಲ್ಲೇ ಕೂತು ಮತ್ಯಾರದೋ ಗಂಡನ ದಾರಿ ನೋಡಿದಳು. ಒಳಗೆ ಅವಳ ಸ್ವಂತ ಗಂಡ ಊಟಕ್ಕೆ ಕಾಯುತ್ತಿದ್ದ, ಪಾಪ.

ಹಾಗಂತ ಅಳುಮುಂಜಿ ಅಂದುಕೊಳ್ಳಬೇಡಿ ಅವಳನ್ನು. ಬಾಯಿ ಬಲು ಜೋರು. "ಆ ಪುಣ್ಯಾತ್ಮ ಬರ್ಲಿ, ಕಾಲು ತೊಳೆಯೋದಲ್ಲ, ಚೆಂಬಲ್ಲೇ ತಲೆಗೆ ಇಕ್ತೀನಿ" ಎಂದು ದಿನಾ ಸಂಜೆ ಗೊಣಗುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ. ಐವತ್ತೈದು ವರ್ಷದಿಂದ ನೋಡಿ ನೋಡಿ ಆ ಹುಣಸೆಮರದ ಒಂದೊಂದು ಕೊಂಬೆಯೂ ಅವಳಿಗೆ ಬಾಯಿಪಾಠವಾಗಿತ್ತು. ಅದರಾಚೆ ಏನಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಅದನ್ನೊಂದು ಸಲ ನೋಡಬೇಕು. ನೋಡಲು ಇದ್ದ ದಾರಿಯೂ ಒಂದೇ: ಮೊಮ್ಮಗಳು ಹುಟ್ಟಬೇಕು. ಮೊಮ್ಮಗಳಿಗೆ ಹೆಸರು ಕೊಟ್ಟ ದಿನ ಹೊರೆಯೂ ಇಳಿದು ಅವಳು ಬರೀ ಅಜ್ಜಿಯಾಗುತ್ತಾಳೆ, ಎಲ್ಲಿಗೆ ಬೇಕಾದರೂ ಹೋಗಬಹುದು.

ಅವಳಿಗೆ ಒಬ್ಬನೇ ಮಗ. ಅವನ ಹೆಸರಿನ ಹೊರೆ ಬಾವಿ. ಆ ಹೆಸರಿನ ಮೊದಲನೆಯವನು ಬಾವಿ ತೋಡುತ್ತ "ಇನ್ನೂ ಒಂದಾಳುದ್ದ ತೋಡಬೇಕು" ಎಂದು ಸತ್ತಿದ್ದ. ಆಮೇಲಿನವರೆಲ್ಲ ಒಂದೊಂದಾಳುದ್ದ ತೋಡಿದರು. ನೀರು ಬಂದು ಯಾವ ಕಾಲವಾಯಿತೋ! ಈಗ ಮಗ ಉಸಿರು ಕಟ್ಟಿ ಮುಳುಗಿ ಮುಳುಗಿ ತೋಡುತ್ತಿದ್ದ. ಸೊಸೆಯೂ ಅದೇ ಊರಿನ ಹೆಣ್ಣು. ಅವಳ ಹೆಸರಿನ ಹೊರೆ ಮುನಿಸು. ಎಂದೋ ಒಂದು ಒನಕೆಯ ವಿಷಯಕ್ಕೆ ಇನ್ನೊಂದು ಹೆಸರಿನವಳ ಜೊತೆ ಮಾತು ಬಿಟ್ಟದ್ದು, ಬಿಟ್ಟೇ ಇರಬೇಕು. ಅದೃಷ್ಟ ನೋಡಿ, ಆ ಹೆಸರಿನವಳು ಪಕ್ಕದ ಮನೆಗೇ ಸೊಸೆಯಾಗಿ ಬಂದಿದ್ದಳು, ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಪ್ರಾಣ. ಮಾಡುವುದೇನು? ಬೇಲಿಯ ಮೇಲೊಂದು ಕೋಳಿ ಕೂರಿಸಿಕೊಂಡು ಕೋಳಿಗೆ ಹೇಳುವ ಹಾಗೆ ಮಾತಾಡುತ್ತಿದ್ದರು. "ಏ ಕೋಳಿ, ಇವತ್ತು ನಮ್ಮನೇಲಿ ಬಸ್ಸಾರು ಕಣೇ." "ಏ ಕೋಳಿ, ಅವರಿಗೆ ಹೇಳು, ಒಂದು ಬಟ್ಟಲು ಇತ್ತ ಬರಲಿ." ಕೋಳಿ ಎರಡೂ ಕಡೆ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ ಮೊಟ್ಟೆ ಇಡುವುದನ್ನೇ ಬಿಟ್ಟಿತ್ತು.

ಸೊಸೆ ಬಸುರಿಯಾದಳು. ಹೊಸ್ತಿಲಜ್ಜಿ ಹಿಗ್ಗಿದ್ದೇ ಹಿಗ್ಗು. "ಹೆಣ್ಣೇ ಆಗ್ಲಿ ನಮ್ಮಪ್ಪಾ" ಎಂದು ಕಂಡ ಕಂಡ ಕಲ್ಲಿಗೆಲ್ಲ ಕೈ ಮುಗಿದಳು.

ಏಳು ತಿಂಗಳು ತುಂಬಿದಾಗ ಒಂದು ಸಂಜೆ ನಡೆದದ್ದು ಕೇಳಿ. ಹೊಸ್ತಿಲಜ್ಜಿ ಎಂದಿನಂತೆ ಚೆಂಬು ಇಟ್ಟುಕೊಂಡು ಕೂತಿದ್ದಾಳೆ. ತಿರುವಿನ ಕಡೆಯಿಂದ ಏನೋ ಗುರ್ರ್ ಎಂದಿತು. ನೋಡುತ್ತಾಳೆ, ಒಂದು ಕೆಂಪು ಮನೆ! ಮನೆಗೆ ಕಿಟಕಿಗಳಿವೆ, ಕಿಟಕಿಗಳಲ್ಲಿ ತಲೆಗಳಿವೆ, ಮನೆ ನಡೆದುಕೊಂಡು ಬರುತ್ತಿದೆ. ಬಂದದ್ದು ಅವಳ ಬಾಗಿಲ ಎದುರಿಗೇ ನಿಂತು ಉಸ್ಸೆಂದು ಮೂಗಿನಿಂದ ಹೊಗೆ ಬಿಟ್ಟಿತು. ಅದರಿಂದ ಒಬ್ಬ ಗಂಡಸು ಇಳಿದ. ಕಪ್ಪು ಮೀಸೆ, ಹೆಗಲಿಗೊಂದು ತೊಗಲಿನ ಚೀಲ. ನೇರವಾಗಿ ಹೊಸ್ತಿಲಿಗೇ ಬಂದ. ಚೆಂಬಿನತ್ತ ಬೆರಳು ತೋರಿಸಿ ಅಂದ:

"ಅಮ್ಮಾ, ನೀರು."

ಹೊಸ್ತಿಲಜ್ಜಿಗೆ ಬೈಯಬೇಕೆಂದು ಕೂಡಿಟ್ಟಿದ್ದ ಬೈಗಳೆಲ್ಲ ಮರೆತೇ ಹೋದವು. ಚೆಂಬೆತ್ತಿ ಅವನ ಕಾಲಿನ ಮೇಲೆ ಹುಯ್ದೇಬಿಟ್ಟಳು.

"ಅಯ್ಯಯ್ಯೋ, ಕಾಲಿಗಲ್ಲಮ್ಮಾ, ಬಸ್ಸಿಗೆ! ಇಂಜಿನ್ ಕಾದು ನಿಂತಿದೆ!" ಎಂದು ಅವನು ಕುಣಿದ. ಬೂಟಿನೊಳಗೆಲ್ಲ ನೀರು.

ಅಷ್ಟರಲ್ಲಿ ಊರಿಗೇ ಸುದ್ದಿಯಾಗಿತ್ತು. ಹೊಂಬಾಳಮ್ಮನ ಗಂಡ ಬಂದ! ಉಪ್ಪು ತರಲು ಹೋದವನು ಬಂದ! ತಮಟೆ ಬಂತು, ಆರತಿ ಬಂತು. "ಇಷ್ಟು ಕಾಲವಾದ್ರೂ ಮೀಸೆ ಒಂದೆಳೆ ನೆರೆತಿಲ್ಲ ನೋಡಿ" ಎಂದು ಗಂಡಸರು ಬೆರಗಾದರು. "ಊರೂರು ಸುತ್ತಿ ಒಂದು ಮನೇನೇ ಕಟ್ಟಿಕೊಂಡು ಬಂದವ್ನೆ" ಎಂದು ಹೆಂಗಸರು ಬಸ್ಸು ಮುಟ್ಟಿ ಮುಟ್ಟಿ ನೋಡಿದರು. ಹೆಸರುಗಾರ ಗಂಭೀರವಾಗಿ ಮುಂದೆ ಬಂದು ತೊಗಲಿನ ಚೀಲಕ್ಕೆ ಕೈ ಹಾಕಿದ. ಬಣ್ಣಬಣ್ಣದ ಕಾಗದದ ಚೂರುಗಳು ಸಿಕ್ಕವು. "ಅಯ್ಯೋ, ಟಿಕೆಟ್ ಅವು!" ಎಂದು ಕಂಡಕ್ಟರ್ ಚೀಲ ಎಳೆದುಕೊಂಡ.

"ಉಪ್ಪೆಲ್ಲಿ?" ಅಂದ ಹೆಸರುಗಾರ.

"ಯಾವ ಉಪ್ಪು?"

"ಹೊಂಬಾಳಮ್ಮನ ಸಾರಿಗೆ ತರ್ತೀನಿ ಅಂತ ಹೋದೆಯಲ್ಲ, ಆ ಉಪ್ಪು."

ಕಂಡಕ್ಟರನಿಗೆ ತಲೆಬುಡ ತಿಳಿಯಲಿಲ್ಲ. ಹುಚ್ಚರ ಸಹವಾಸ ಬೇಡ ಅನ್ನಿಸಿತೋ ಏನೋ, ಹೊಸ್ತಿಲಜ್ಜಿಯ ಕಡೆ ತಿರುಗಿ ಮೆತ್ತಗೆ ಅಂದ: "ಉಪ್ಪು ತಾನೇ? ಆ ತಿರುವು ದಾಟಿದ್ರೆ ಅಂಗಡಿ ಇದೆಯಲ್ಲಮ್ಮ. ಹೋಗಿ ತಂದ್ಕೊಂಡ್ರೆ ಆಯ್ತು."

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. "ನೋಡ್ರೇ, ಇಷ್ಟು ಕಾಲ ಕಾಯ್ಸಿ, ಬಂದು, ನೀನೇ ತಂದ್ಕೋ ಅಂತಾವ್ನೆ! ಗಂಡಸರ ಬುದ್ಧಿ ಎಲ್ಲಿ ಹೋಗ್ತದೆ!" ಎಂದು ಒಬ್ಬಳು ಕೂಗಿದಳು. ಹೊಸ್ತಿಲಜ್ಜಿಯೂ ನಕ್ಕಳು. ಆದರೆ ಆ ಮಾತು ಅವಳ ಕಿವಿಯೊಳಗೆ ಹೋಗಿ ಕೂತುಕೊಂಡಿತು. ಇವನು ಅವನಲ್ಲ ಅಂತ ಅವಳಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು, ತಿಳಿದು ಅಳು ಬಂದಿತ್ತು, ಅದಕ್ಕೇ ಜೋರಾಗಿ ನಕ್ಕಳು.

ಆಮೇಲೆ ಬಸ್ಸಿಗೆ ನೀರು ಕುಡಿಸಿದರು. ತಿರುಗಿಸಿ ನಿಲ್ಲಿಸಿದರು. ಇಪ್ಪತ್ತು ಆಳು ಹಿಂದೆ ನಿಂತು ನೂಕಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಎಲ್ಲರೂ ಬೆವರು ಒರೆಸಿಕೊಂಡು ಕೂತಾಗ ಕಂಡಕ್ಟರ್ ಮೆಟ್ಟಿಲಿನ ಮೇಲೆ ನಿಂತು ಬಸ್ಸಿನ ಪಕ್ಕೆಗೆ ದಬದಬ ಎಂದು ಎರಡು ಸಲ ತಟ್ಟಿ ಒಂದು ಮಾತು ಅಂದ.

"ರೈಟ್!"

ಬಸ್ಸು ಹೊರಟಿತು.

ಅಷ್ಟೇ. ಒಂದೇ ಮಾತು. ಸೊಸೆ ಹೊಟ್ಟೆ ಹಿಡಿದುಕೊಂಡು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಆ ಮಾತು ಕೇಳಿದ್ದೇ ಹೊಟ್ಟೆಯೊಳಗಿನದು ಒಂದು ಸಲ ಒದೆಯಿತು. ಅವಳು ತುಂಬು ಬಸುರಿ ಅನ್ನುವುದನ್ನೂ ಮರೆತು ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದಳು.

"ಅಣ್ಣಾ, ಅಣ್ಣಾ! ಆ ಮಾತು ಯಾರದು?"

"ಯಾರದೂ ಅಲ್ಲ ಕಣಮ್ಮಾ, ಇಂಗ್ಲಿಷು!"

"ಅದನ್ನ ಹೆಸರಿಟ್ಕೊಂಡು ಯಾರಾದ್ರೂ ಸತ್ತಿದ್ದಾರಾ?"

"ಅಯ್ಯೋ, ಬಿಡ್ತು ಅನ್ನಮ್ಮಾ! ಯಾರೂ ಇಲ್ಲ!"

"ಅದರ ಹಿಂದೆ ಏನಿದೆ?"

"ಹಿಂದೆ ಏನೂ ಇಲ್ಲ. ಹೇಳಿದ್ರೆ ಗಾಡಿ ಮುಂದಕ್ಕೆ ಹೋಗ್ತದೆ, ಅಷ್ಟೇ!"

ಬಸ್ಸು ತಿರುವು ದಾಟಿತು. ಧೂಳು ಅಡಗುವ ತನಕ ಸೊಸೆ ಅಲ್ಲೇ ನಿಂತಿದ್ದಳು.

ಹೆಣ್ಣೇ ಹುಟ್ಟಿತು. ಹೊಸ್ತಿಲಜ್ಜಿ ಹುಣಸೆಹಣ್ಣು ಹಚ್ಚಿ ಚೆಂಬು ಬೆಳಗಿದಳು, ಚೆಂಬು ಫಳಫಳ ಅಂದಿತು. ಮೊಮ್ಮಗಳಿಗೆ ಒಪ್ಪಿಸುವ ಚೆಂಬಲ್ಲವೇ? ಕೂಸಿಗೆ ಚೆಂಬು ಹಿಡಿಯಲು ಬರುವ ತನಕ ಸಂಜೆ ಹೊತ್ತು ತೊಟ್ಟಿಲನ್ನೇ ಹೊಸ್ತಿಲ ಪಕ್ಕ ಇಟ್ಟರೆ ಸಾಕು, ನಡೆಯುತ್ತದೆ. ಅವಳು ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದಳು, ಎಲೆಯಡಿಕೆ ಚೀಲ ತುಂಬಿದಳು, ತೊಟ್ಟಿಲ ಮಾರನೇ ಸಂಜೆ ಹೊರಡುತ್ತೇನೆ ಎಂದು ಮನೆಮನೆಗೂ ಹೇಳಿ ಬಂದಳು. ಸೊಸೆ ಬಾಣಂತಿ ಕೋಣೆಯಿಂದಲೇ ಅಂದಳು:

"ಅತ್ತೆಮ್ಮ, ನನ್ನ ಮಗಳಿಗೆ ಆ ಹೆಸರು ಬೇಡ."

"ಯಾವ ಹೆಸರು?"

"ನಿಮ್ಮದು."

ಹೊಸ್ತಿಲಜ್ಜಿ ಸೀರೆ ಮಡಚುತ್ತಿದ್ದವಳು ಹಾಗೇ ನಿಂತಳು. "ಮತ್ತೆ ಇನ್ಯಾವ ಹೆಸರು ಇಡ್ತೀಯೇ?"

"ರೈಟ್."

"ಆಹಾ! ಏನು ಹಂಗಂದ್ರೆ?"

"ಏನೂ ಇಲ್ಲ ಅತ್ತೆಮ್ಮ. ಅದಕ್ಕೇ ಬೇಕು. ಅದನ್ನ ಯಾರೂ ಇಟ್ಕೊಂಡಿಲ್ಲ, ಅದರ ಹಿಂದೆ ಯಾರೂ ಸತ್ತಿಲ್ಲ. ಒನಕೆ ಇಲ್ಲ, ಬಾವಿ ಇಲ್ಲ, ಚೆಂಬಿಲ್ಲ. ತೊಳೆದಿಟ್ಟ ಪಾತ್ರೆ ಇದ್ದಂಗದೆ. ನನ್ನ ಮಗಳು ಏನು ಬೇಕೋ ಅದನ್ನ ಬೇಯಿಸ್ಕೊಳ್ಳಲಿ."

"ನಾನು?" ಎಂದಳು ಹೊಸ್ತಿಲಜ್ಜಿ. ದನಿ ಸಣ್ಣಗಾಗಿತ್ತು. "ನಾನು ಸಾಯೋ ತನಕ ಇಲ್ಲೇ ಕೂತಿರ್ಲಾ? ಐವತ್ತೈದು ವರ್ಷ ಕಣೇ. ಈ ಕೂಸಿನ ದಾರೀನೂ ಸೇರಿಸಿ ನೋಡಿದ್ದೀನಿ."

ಸೊಸೆ ಅತ್ತಳು. ಆದರೆ ಬೇಡ ಅಂದದ್ದನ್ನು ಬೇಕು ಅನ್ನಲಿಲ್ಲ.

ತೊಟ್ಟಿಲ ದಿನ ಊರೆಲ್ಲ ಸೇರಿತು. ವಿಷಯ ಗೊತ್ತಾಗಿ ಗುಸುಗುಸು ಶುರುವಾಗಿತ್ತು. ಹೆಸರುಗಾರ ಹಗ್ಗವನ್ನು ಎರಡು ಸಲ ಕೊಡವಿದ. "ಹೊರೆ ಇಲ್ಲದ್ದು ಹೆಸರಲ್ಲ, ಬರೀ ಕೂಗು. ನಾಯಿ ಬೊಗಳ್ತದೆ, ಅದನ್ನೂ ಇಡ್ತೀರಾ?" ಎಂದ. ಮಗ ಬಾವಿಯಿಂದ ಎದ್ದು ಒದ್ದೆಬಟ್ಟೆಯಲ್ಲೇ ಬಂದು ನಿಂತಿದ್ದ. ಅವ್ವನ ಕಡೆ ಮಾತಾಡಿದರೆ ಹೆಂಡತಿ, ಹೆಂಡತಿಯ ಕಡೆ ಮಾತಾಡಿದರೆ ಅವ್ವ. ಇದಕ್ಕಿಂತ ನೀರೊಳಗಿರುವುದೇ ಸುಖ ಅನ್ನಿಸಿ ವಾಪಸು ಹೊರಟವನನ್ನು ನಾಲ್ಕು ಜನ ಹಿಡಿದು ನಿಲ್ಲಿಸಿದರು.

ಆದರೆ ಕಟ್ಟಳೆ ಅಂದರೆ ಕಟ್ಟಳೆ. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅಜ್ಜಿಯದು. ಅವಳ ಬಾಯಲ್ಲಿ ಏನು ಬರುತ್ತದೋ ಅದೇ ಹೆಸರು. ತಾಯಿ ಅಡ್ಡ ಬರುವಂತಿಲ್ಲ, ಹೆಸರುಗಾರನೂ ಅಡ್ಡ ಬರುವಂತಿಲ್ಲ.

ಹೊಸ್ತಿಲಜ್ಜಿ ತೊಟ್ಟಿಲ ಮೇಲೆ ಬಗ್ಗಿದಳು. ನಾಲಿಗೆಯ ತುದಿಯಲ್ಲಿ ಹೊಂಬಾಳಮ್ಮ ಕೂತಿತ್ತು. ಒಂದು ಸಲ ಉಸುರಿದರೆ ಸಾಕು, ನಾಳೆ ಸಂಜೆ ಅವಳು ತಿರುವಿನಾಚೆ. ಕೂಸು ಅವಳ ಮೂಗು ಹಿಡಿದುಕೊಂಡಿತು. ಗಟ್ಟಿ ಹಿಡಿತ. ಆ ಹೊತ್ತಿಗೆ, ಯಾಕೋ ಏನೋ, ಅವಳಿಗೆ ಏಳನೇ ವಯಸ್ಸಿನ ಒಂದು ಸಂಜೆ ನೆನಪಾಯಿತು. ಚಿಟ್ಟೆ ಹಿಡಿಯಲು ಓಡುತ್ತಿದ್ದಳು. ಚಿಟ್ಟೆ ಹುಣಸೆಮರದ ಹತ್ತಿರ ಹೋಯಿತು, ಇವಳೂ ಹೋದಳು, ಇನ್ನು ನಾಲ್ಕು ಹೆಜ್ಜೆ ಇಟ್ಟರೆ ತಿರುವು. ಆಗ ಹಿಂದಿನಿಂದ ಅವಳ ಅಜ್ಜಿ ಕರೆದಳು. ಹೊರೆ ಇಳಿಸಿ ಹಗುರಾಗಿದ್ದ ಅಜ್ಜಿ. ಬೈದೇನೂ ಕರೆಯಲಿಲ್ಲ, ನಗುತ್ತ, ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡು ಆರಾಮವಾಗಿ ಕರೆದಳು. "ಹೊಂಬಾಳೀ, ಹೊತ್ತಾಯ್ತು ಬಾರೇ. ಚೆಂಬು ಕಾಯ್ತಾ ಐತೆ."

ಆ ಆರಾಮದ ದನಿ ಹೊಸ್ತಿಲಜ್ಜಿಗೆ ಈಗ ಕೇಳಿಸಿತು. ತನ್ನದೇ ಬಾಯಿಂದ ಬರುತ್ತಿರುವ ಹಾಗೆ ಕೇಳಿಸಿತು. ಸೊಸೆಯ ಮೇಲೆ ಸಿಟ್ಟು ಬಂತು, ಕೂಸಿನ ಮೇಲೆ ಪ್ರೀತಿ ಬಂತು, ಎರಡೂ ಒಟ್ಟಿಗೇ ಬಂದು ಕಣ್ಣಲ್ಲಿ ನೀರಾಗಿ ಇಳಿದವು.

"ಹಾಳಾಗಿ ಹೋಗ್ಲಿ" ಎಂದು, ಕಿವಿಗೆ ಬಾಯಿಟ್ಟು ಅಂದಳು: "ರೈಟ್."

ಎರಡನೇ ಸಲ ಅಂದಳು. ಮೂರನೇ ಸಲ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಹೆಸರುಗಾರ ಹಗ್ಗ ಹಿಡಿದು "ಹೆಸರು ತಗೋ" ಅಂದ. ಮುಂದೆ ಏನು ಹೇಳಬೇಕೋ ತಿಳಿಯದೆ ಕೆಮ್ಮಿ ಸುಮ್ಮನಾದ. ಹೊಸ್ತಿಲಜ್ಜಿ ಹೊಸ ಸೀರೆಯಲ್ಲೇ ಬೆಳಗಿದ ಚೆಂಬಿಗೆ ನೀರು ತುಂಬಿಕೊಂಡು ಹೋಗಿ ಹೊಸ್ತಿಲ ಮೇಲೆ ಕೂತಳು.

ಇಷ್ಟು ಮಾಡಿದಳಲ್ಲ, ದೊಡ್ಡ ಮನಸ್ಸಿನವಳು ಅಂತ ತೀರ್ಮಾನ ಮಾಡಿಬಿಡಬೇಡಿ. ಎರಡು ತಿಂಗಳು ಸೊಸೆಯ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಲೇಬೇಕಾದರೆ ಬೇಲಿಯ ಮೇಲಿನ ಕೋಳಿಯನ್ನು ಎರವಲು ತಂದು ಅದಕ್ಕೆ ಹೇಳುತ್ತಿದ್ದಳು. "ಏ ಕೋಳಿ, ಕೂಸಿಗೆ ಶೀತ ಆಗೈತೆ, ಅವಳಿಗೆ ಕಾಣ್ತಾ ಇಲ್ವಾ?" ಕೋಳಿಗೆ ಮೂರು ಕಡೆ ಕತ್ತು ತಿರುಗಿಸುವ ಗತಿ ಬಂತು.

ಆ ಹೆಸರಿನ ರುಚಿ ಮಾತ್ರ ಊರಿಗೆ ಹತ್ತಿಕೊಂಡಿತು. ಮೊದಮೊದಲು ನಗಾಡಲು ಕರೆದರು, ಆಮೇಲೆ ಸುಮ್ಮಸುಮ್ಮನೆ ಕರೆಯತೊಡಗಿದರು. ಕರೆಯಲು ಹಗುರ, ಬಾಯಲ್ಲಿ ಇಟ್ಟರೆ ತಾನಾಗೇ ಹಾರುತ್ತಿತ್ತು. ತಾಯಿ ಅಂಗಳದಲ್ಲಿ ನಿಂತು "ರೈಟ್!" ಎಂದು ಕೂಗಿದರೆ ಬೀದಿಯಲ್ಲಿ ಅಡ್ಡ ಮಲಗಿದ್ದ ಎತ್ತು ಎದ್ದು ನಡೆಯುತ್ತಿತ್ತು. ಹೊಲಕ್ಕೆ ಹೋಗಲೋ ಬೇಡವೋ ಎಂದು ಕಟ್ಟೆಯ ಮೇಲೆ ಬೆಳಗ್ಗೆಯಿಂದ ಯೋಚಿಸುತ್ತಿದ್ದವನು ಎದ್ದು ಹೊರಡುತ್ತಿದ್ದ. ಬಾವಿಯ ತಳದಲ್ಲಿದ್ದ ಮಗನಿಗೂ ಅದು ಹೇಗೋ ಕೇಳಿಸಿ, ಪಿಕಾಸಿ ಅಲ್ಲೇ ಬಿಟ್ಟು ಮೇಲೆ ಬಂದು ಮಗಳನ್ನು ಎತ್ತಿಕೊಂಡು ಕೂರುತ್ತಿದ್ದ. ಬೇರೆ ತಾಯಂದಿರಿಗೂ ಆಸೆ ಹುಟ್ಟಿತು. ಬಸ್ಸಿನವನು ಆವತ್ತು ಇನ್ನೇನೇನು ಅಂದಿದ್ದ ಎಂದು ನೆನಪು ಮಾಡಿಕೊಂಡರು. ಒಬ್ಬಳು ಮಗನಿಗೆ ಇಂಜಿನ್ ಎಂದಿಟ್ಟಳು. ಪಕ್ಕದ ಮನೆಯವಳು ತನ್ನ ಹೆಣ್ಣುಮಗುವಿಗೆ ಟಿಕೆಟ್ ಎಂದಿಟ್ಟಳು. ಹೆಸರುಗಾರ ಹಗ್ಗ ಹೆಗಲ ಮೇಲೆ ಹಾಕಿಕೊಂಡು "ಕಲಿಗಾಲ, ಕಲಿಗಾಲ" ಎಂದು ಓಡಾಡಿದ. ಆದರೆ ಅವನ ಮೊಮ್ಮಗ ಹುಟ್ಟಿದಾಗ ಅವನೇ ಸೊಸೆಯನ್ನು ಗುಟ್ಟಾಗಿ ಕೇಳಿದನಂತೆ: "ಇನ್ನೊಂದು ಯಾವುದೋ ಮಾತಿತ್ತಲ್ಲಮ್ಮ, ಬಾಯ್ತುಂಬ ಇತ್ತು, ಅದೇನದು?"

ರೈಟ್‌ಗೆ ಮೂರು ವರ್ಷವಾಯಿತು. ಊರಿನವರಿಗೆಲ್ಲ ಅವಳ ಬೆನ್ನು ಬಸ್ಸು. ಎದುರು ಸಿಕ್ಕವರು ದಬದಬ ಎಂದು ಎರಡು ಸಲ ತಟ್ಟಿ ಹೆಸರು ಕರೆಯುವುದು, ಅವಳು ಗುರ್ರ್ ಎಂದು ಓಡುವುದು, ಇದೇ ಆಟ. ಸಂಜೆಯಾದರೆ ಅವಳು ಅಜ್ಜಿಯ ಪಕ್ಕ ಬಂದು ಕೂರುತ್ತಿದ್ದಳು. ಸೊಸೆಗೆ ಅದೊಂದು ಮಾತ್ರ ಆಗದು. "ಒಳಗೆ ಬಾರೇ, ಹೊಸ್ತಿಲ ಮೇಲೆ ಕೂರ್ಬಾರ್ದು" ಎಂದು ಹೆದರಿ ಹೆದರಿ ಕರೆಯುತ್ತಿದ್ದಳು.

ಒಂದು ಸಂಜೆ. ದನ ಬಂದವು. ಚೆಂಬು ತುಂಬಿತ್ತು. ಒಳಗೆ ಸಪ್ಪೆ ಸಾರು ಕುದಿಯುತ್ತಿತ್ತು. ಹೊಸ್ತಿಲಜ್ಜಿ ತಿರುವನ್ನು ನೋಡುತ್ತ ಕೂತಿದ್ದಳು. ರೈಟ್ ಅವಳನ್ನು ನೋಡಿದಳು, ತಿರುವನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ಈ ಅಜ್ಜಿ ಯಾಕೆ ದಿನಾ ಇಲ್ಲೇ ನಿಂತು ಹೋಗಿದೆ ಎಂದು ಅವಳಿಗೆ ಅನ್ನಿಸಿರಬೇಕು. ಮೂರು ವರ್ಷದ ಬುದ್ಧಿ, ಮದ್ದು ಗೊತ್ತಿದ್ದದ್ದು ಒಂದೇ. ಎದ್ದು ಅಜ್ಜಿಯ ಹಿಂದೆ ಹೋಗಿ, ಪುಟ್ಟ ಅಂಗೈಯಿಂದ ಬೆನ್ನಿಗೆ ದಬದಬ ಎಂದು ತಟ್ಟಿದಳು.

"ರೈಟ್!"

ಹೊಸ್ತಿಲಜ್ಜಿ ಎದ್ದಳು.

ಏಳಬೇಕೆಂದು ಎದ್ದದ್ದಲ್ಲ, ಮಂಡಿ ತಾನಾಗೇ ಎದ್ದಿತು. ಎದ್ದ ಮೇಲೆ ಅವಳಿಗೇ ಗಾಬರಿಯಾಯಿತು. ದೀಪ ಹಚ್ಚಲು ಇನ್ನೂ ಹೊತ್ತಿತ್ತು. ಎಂದೋ ಕೇಳಿದ ಮಾತು ಕಿವಿಯೊಳಗೆ ಎದ್ದು ಕೂತಿತು: ಆ ತಿರುವು ದಾಟಿದ್ರೆ ಅಂಗಡಿ ಇದೆಯಲ್ಲಮ್ಮ. ಅವಳು ಚೆಂಬೆತ್ತಿದಳು. ಎತ್ತಿ ತನ್ನ ಕಾಲಿನ ಮೇಲೇ ಹುಯ್ದುಕೊಂಡಳು. ಏಳು ಹೊಂಬಾಳಮ್ಮಂದಿರು ಇನ್ಯಾರದೋ ಕಾಲಿಗೆಂದು ತುಂಬಿಟ್ಟ ನೀರು. ತಣ್ಣಗಿತ್ತು, ಎಷ್ಟು ಹಿತವಾಗಿತ್ತು! ಖಾಲಿ ಚೆಂಬನ್ನು ಮೊಮ್ಮಗಳ ಕೈಗಿಟ್ಟು ಹೊಸ್ತಿಲು ಇಳಿದು ನಡೆದಳು.

"ಏ! ದಾರಿ ನೋಡುವವಳು ದಾರಿ ತುಳಿಯಬಾರದು!" ಎಂದು ಹೆಸರುಗಾರ ಕಟ್ಟೆಯಿಂದ ಕೂಗಿದ.

"ನೋಡಿ ನೋಡಿ ಸಾಕಾಗೈತೆ, ಸುಮ್ನಿರಯ್ಯ!" ಎಂದು ಹಿಂದೆ ತಿರುಗದೆ ಕೂಗಿದಳು. ಊರಿನವರು ಮನೆಮನೆಯ ಬಾಗಿಲಿಗೆ ಬಂದು ನಿಂತರು. ಹುಣಸೆಮರದ ಹತ್ತಿರ ಅವಳು ಒಂದು ಗಳಿಗೆ ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ತಿರುವು ದಾಟಿದಳು.

ಸೊಸೆ ಸದ್ದು ಕೇಳಿ ಹೊರಗೆ ಬಂದಳು. ಬಂದವಳು ಕಂಡದ್ದೇನು? ಹೊಸ್ತಿಲ ಮೇಲೆ ಮಗಳು ಕೂತಿದ್ದಾಳೆ. ಮಡಿಲಲ್ಲಿ ಚೆಂಬು. ಕಣ್ಣು ತಿರುವಿನ ಮೇಲೆ.

"ಏನ್ ಮಾಡ್ತಿದ್ದೀಯೇ ಇಲ್ಲಿ?"

"ಅಜ್ಜಿ ಹೋಯ್ತು. ಬರ್ತದೆ" ಎಂದಳು ರೈಟ್.

ಸೊಸೆಯ ಜೀವ ಬಾಯಿಗೆ ಬಂತು. ಅಯ್ಯೋ ದೇವರೇ, ಖಾಲಿ ಹೆಸರು ಹುಡುಕಿ ತಂದಿಟ್ಟೆನಲ್ಲ, ಅದಕ್ಕೂ ಹೊರೆ ಹತ್ತಿತೇ? "ಏಳೇ, ಒಳಗೆ ಬಾ" ಎಂದು ಎಳೆದಳು. ಮಗು ಹೊಸ್ತಿಲ ಮರಕ್ಕೆ ಕಚ್ಚಿಕೊಂಡಿತು. "ಅಜ್ಜಿ ಬರ್ಲಿ" ಎಂದಿತು. ಎಷ್ಟು ಎಳೆದರೂ ಏಳಲಿಲ್ಲ. ಮಗ ಒದ್ದೆಬಟ್ಟೆಯಲ್ಲಿ ಬಂದು ನಿಂತ. ಪಕ್ಕದ ಮನೆಯವಳು ಬೇಲಿ ದಾಟಿ ಓಡಿ ಬಂದು "ಅಳಬೇಡ ಕಣೇ" ಎಂದು ಸೊಸೆಯ ಕೈ ಹಿಡಿದಳು, ಕೋಳಿಯನ್ನು ಕೇಳದೆ ನೇರವಾಗಿಯೇ. ಇಬ್ಬರೂ ಅದನ್ನು ಗಮನಿಸಲಿಲ್ಲ. ಆಕಾಶ ಕೆಂಪಾಯಿತು, ಕೆಂಪು ಕಂದಿತು. ದೀಪ ಹಚ್ಚುವ ಹೊತ್ತಾಯಿತು. ಆ ದಾರಿಯಲ್ಲಿ ಹೋದವರು ಬಂದ ಉದಾಹರಣೆ ಆ ಮನೆಯಲ್ಲಿ ಇರಲಿಲ್ಲ.

ಹುಣಸೆಮರದ ಕೆಳಗೆ ಏನೋ ಅಲುಗಿತು.

ಅವಳೇ. ಒಂದು ಕೈಯಲ್ಲಿ ಸೆರಗಿನ ಗಂಟು ಹಿಡಿದುಕೊಂಡು, ಇನ್ನೊಂದು ಕೈ ಬೀಸಿಕೊಂಡು, ಏದುಸಿರು ಬಿಡುತ್ತ, ನಗುತ್ತ ಬರುತ್ತಿದ್ದಳು. ಅಂಗಳಕ್ಕೆ ಬಂದವಳೇ ಗಂಟು ಬಿಚ್ಚಿ ತೋರಿಸಿದಳು. ಹಿಡಿ ತುಂಬ ಉಪ್ಪು.

"ಥೂ ಇವರ! ಇಲ್ಲೇ ಕಣ್ರೋ ಅಂಗಡಿ! ಒಂದು ಎಲೆಯಡಿಕೆ ಅಗಿದು ಉಗಿಯೋಷ್ಟು ದೂರ ಇಲ್ಲ! ಆಚೆ ನೋಡ್ತಾ ನಿಂತೆ, ಹೊತ್ತಾಗೋಯ್ತು! ನಮ್ಮ ಅಜ್ಜಿ, ಅವಳ ಅಜ್ಜಿ, ಒಬ್ಬಳಾದ್ರೂ ಎದ್ದು ಹೋಗಿದ್ರೆ!" ಎಂದು ನಕ್ಕಳು. ನಗುತ್ತ ನಗುತ್ತ ಬಿಕ್ಕಿದಳು. ಎಲ್ಲರೂ ಆ ಉಪ್ಪನ್ನೇ ನೋಡುತ್ತಿದ್ದರು. ಹೆಸರುಗಾರ ಹಗ್ಗದ ಮೇಲೆ ಬೆರಳಾಡಿಸಿದ. ಹೊಂಬಾಳಮ್ಮನ ಗಂಟು ಬಿಚ್ಚಿಹೋಗಿತ್ತು. ಅವನು ಆ ಜಾಗವನ್ನು ಮತ್ತೆ ಮತ್ತೆ ಸವರಿ ನೋಡಿದ.

"ತಿರುವಿನಾಚೆ ಇನ್ನೇನಿದೆಯವ್ವಾ?" ಎಂದು ಮಗ ಕೇಳಿದ.

"ಇನ್ನೊಂದು ತಿರುವು" ಎಂದಳು. "ನಾಳೆ ನೋಡ್ತೀನಿ."

ಸೊಸೆ ಉಪ್ಪನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋಗಿ ಸಾರಿಗೆ ಹಾಕಿದಳು. ಎಷ್ಟು ಹಾಕಬೇಕೋ ಅಂದಾಜಿರಲಿಲ್ಲ, ಸಂಜೆಯ ಸಾರಿಗೆ ಹಾಕಿ ಅಭ್ಯಾಸವಿಲ್ಲವಲ್ಲ, ಅಷ್ಟನ್ನೂ ಸುರಿದಳು. ಎಲ್ಲರೂ ಒಳಗೆ ನುಗ್ಗಿದರು.

ರೈಟ್ ಮಾತ್ರ ಕೂತೇ ಇದ್ದಳು. ಖಾಲಿ ಚೆಂಬು ತಬ್ಬಿಕೊಂಡು ಇನ್ನೂ ತಿರುವನ್ನೇ ನೋಡುತ್ತಿದ್ದಳು. ಅಜ್ಜಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಕೂತಿದ್ದೀಯಮ್ಮಾ?"

"ನೀನು ಬರ್ತೀಯ ಅಂತ."

"ಬಂದ್ನಲ್ಲ."

ಮಗು ತಿರುವನ್ನು ನೋಡಿತು, ಅಜ್ಜಿಯನ್ನು ನೋಡಿತು. "ಹ್ಞೂಂ" ಎಂದಿತು. ಆದರೂ ಏಳಲಿಲ್ಲ.

ಅಜ್ಜಿ ಚೆಂಬನ್ನು ಅವಳ ಮಡಿಲಿನಿಂದ ಮೆಲ್ಲಗೆ ತೆಗೆದು ಜಗಲಿಯ ಮೇಲೆ ಬೋರಲು ಹಾಕಿದಳು. ಆಮೇಲೆ ಆ ಪುಟ್ಟ ಬೆನ್ನಿಗೆ ದಬದಬ ಎಂದು ಎರಡು ಸಲ ತಟ್ಟಿದಳು.

"ರೈಟ್."

ಮಗು ಗುರ್ರ್ ಎಂದು ಒಳಕ್ಕೆ ಓಡಿತು. ಒಳಗಿನಿಂದ ಮಗನ ದನಿ ಕೇಳಿಸಿತು: "ಅವ್ವಾ, ಸಾರಿಗೆ ಉಪ್ಪು ಜಾಸ್ತಿಯಾಯ್ತು, ಬಾ ಬೇಗ, ಇನ್ನೊಂದು ಸೌಟು ಹಾಕಿಸ್ಕೋತಿದ್ದೀನಿ!"